ದೇವದೂತರ ಶಿಖರ

ಮರುಭೂಮಿ ಎಂದೊಡನೆ ನಮ್ಮ ಮನಸ್ಸಿಗೆ ತೋರುವುದು ಒಂಟೆ, ಬಿಸಿಲ್ಗುದುರೆ ಮತ್ತು ದಿಗಂತದವರೆಗೆ ಹರಡಿದ ಮರಳು. ಪಾಠಶಾಲೆಯಲ್ಲಿ 35 ವರ್ಷಗಳ ಕಾಲ ನಾವೂ ಹುಡುಗರಿಗೆ ಹಾಗೆಯೇ ಹೇಳಿಕೊಟ್ಟೆವು. ಆ ಮರಳೇ ಕಲ್ಲಾಗಿ, ಕಲ್ಲೇ ಬೆಟ್ಟವಾಗಿ ಆಕಾಶಕ್ಕೆ ಮುಖವೆತ್ತಿ ನಿಲ್ಲುವುದೆಂಬುದನ್ನು ಕಣ್ಣಾರೆ ಕಂಡದ್ದು ಮಾತ್ರ ಕೆಲಸದಿಂದ ನಿವೃತ್ತರಾದ ಮೇಲೆಯೇ. ಆ ಬೆಟ್ಟವನ್ನು ಹತ್ತಿ ಇಳಿದ ವೃತ್ತಾಂತವನ್ನೂ, ಅಲ್ಲಿ ನಮಗುಂಟಾದ ಒಂದು ತಿಳಿವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮಗನು ಅಮೆರಿಕಾ ದೇಶದಲ್ಲಿ ಉದ್ಯೋಗದಲ್ಲಿರುವನು. 2024ನೆಯ ಇಸವಿ ಅಕ್ಟೋಬರಿನಲ್ಲಿ ನಾವು ದಂಪತಿಗಳು ಅವನಲ್ಲಿಗೆ ಹೋಗಿದ್ದಾಗ, ಯೂಟಾ ಸಂಸ್ಥಾನದ ನೈಋತ್ಯ ಮೂಲೆಯಲ್ಲಿರುವ ಜಾಯನ್ ರಾಷ್ಟ್ರೀಯ ಉದ್ಯಾನಕ್ಕೆ ನಮ್ಮನ್ನು ಕರೆದೊಯ್ದನು. ವರ್ಜಿನ್ ಎಂಬ ಸಣ್ಣ ನದಿಯೊಂದು ಮರಳುಗಲ್ಲಿನ ಪ್ರಸ್ಥಭೂಮಿಯನ್ನು ಎರಡು ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಕೊರೆದು ಮಾಡಿದ ಕಣಿವೆಯಿದು. ಅಲ್ಲಿಯ ಮೂಲನಿವಾಸಿಗಳಾದ ಪಯೂಟ್ ಜನರ ಮಾತಿನಲ್ಲಿ ಇದಕ್ಕೆ ಮುಕುಂಟುವೀಪ್ ಎಂದು ಹೆಸರು. ನಮ್ಮ ಕಿವಿಗೆ ಅದು ಮೊದಲು ಮುಕುಂದನ ನಾಮದಂತೆ ಕೇಳಿಸಿದುದು ಸಂಸ್ಕೃತ ಕಲಿತವರ ಚಾಪಲ್ಯವೇ ಹೊರತು ಬೇರೆ ಸಂಬಂಧವೇನೂ ಇಲ್ಲ. 1909ರಲ್ಲಿ ಸರಕಾರವು ಆ ಹೆಸರಿನಿಂದಲೇ ಇದನ್ನು ಸಂರಕ್ಷಿತ ಸ್ಥಳವನ್ನಾಗಿ ಮಾಡಿತು. 1919ರಲ್ಲಿ ಜಾಯನ್ ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನವಾಯಿತು.

ಕಣಿವೆಯ ನಡುವೆ, ನದಿಯು ಬಳಸಿ ಹರಿಯುವೆಡೆಯಲ್ಲಿ, ಮೀನಿನ ಬೆನ್ನೆಲುಬಿನಂತೆ ಚಾಚಿಕೊಂಡ ಒಂದು ಕೋಡುಗಲ್ಲಿದೆ. 1916ರಲ್ಲಿ ಫ್ರೆಡರಿಕ್ ಫಿಶರ್ ಎಂಬ ಪಾದ್ರಿಯು ಇದನ್ನು ಕೆಳಗಿನಿಂದ ನೋಡಿ, ಇದರ ಮೇಲೆ ಇಳಿಯಲು ದೇವದೂತರಿಗೆ ಮಾತ್ರವೇ ಸಾಧ್ಯವೆಂದು ಬಗೆದು ‘ಏಂಜಲ್ಸ್ ಲ್ಯಾಂಡಿಂಗ್’ ಎಂದು ಕರೆದನಂತೆ. ಹತ್ತು ವರ್ಷಗಳೊಳಗೇ, 1926ರಲ್ಲಿ, ಮನುಷ್ಯರು ಅದಕ್ಕೆ ದಾರಿ ಕಡಿದರು! ಸಮುದ್ರಮಟ್ಟದಿಂದ ಇದರ ಎತ್ತರ 5,790 ಅಡಿ. ಕಣಿವೆಯ ತಳದಿಂದ ಏರಬೇಕಾದುದು ಸುಮಾರು 1,500 ಅಡಿ. ಹೋಗಿಬರಲು ಐದೂವರೆ ಮೈಲಿಗಳಷ್ಟು ದಾರಿ. ಜನಸಂದಣಿಯು ಮಿತಿಮೀರಿದ ಕಾರಣ 2022ರ ಏಪ್ರಿಲಿನಿಂದ ಚೀಟಿ ಎತ್ತಿ ಅನುಮತಿ ಕೊಡುವ ಪದ್ಧತಿಯನ್ನು ತಂದಿದ್ದಾರೆ. ಒಂದು ಚೀಟಿಗೆ ಆರು ಮಂದಿ. ನಮ್ಮ ಮಗನ ಹೆಸರಿಗೆ ಚೀಟಿ ಬಂದುದರಿಂದ ಅವನು, ನಮ್ಮ ಸೊಸೆ, ಅವನ ಸ್ನೇಹಿತರಿಬ್ಬರು, ಅವರಲ್ಲೊಬ್ಬನ ಪತ್ನಿ ಮತ್ತು ನಾವು, ಹೀಗೆ ಆರು ಜನರ ತಂಡವಾಯಿತು. ಐದು ವರ್ಷದ ಮೊಮ್ಮಗಳನ್ನು ನೋಡಿಕೊಂಡು ನಮ್ಮ ಮನೆಯವರು ವಸತಿಗೃಹದಲ್ಲಿಯೇ ಉಳಿದರು.

ಬೆಳಗಿನ ಚಳಿಯಲ್ಲಿ ನದಿಯ ಸೇತುವೆಯನ್ನು ದಾಟಿ ಹೊರಟೆವು. ಮೊದಲ ಒಂದು ತಾಸು ಕಷ್ಟವೇನೂ ಇಲ್ಲ. ದಾರಿಯು ಬಂಡೆಯ ಮೈಮೇಲೆ ಸುತ್ತಿ ಸುತ್ತಿ ಏರಿ, ಎರಡು ಗೋಡೆಗಳ ನಡುವಣ ಇಕ್ಕಟ್ಟಾದ ಕೊರಕಲೊಂದನ್ನು ಹೊಗುತ್ತದೆ. ಸೂರ್ಯರಶ್ಮಿಯು ಹೆಚ್ಚಾಗಿ ಬೀಳದ ಈ ತಾಣ ಬೇಸಗೆಯಲ್ಲಿಯೂ ತಂಪು. ಇದಕ್ಕೆ ಶೀತಪೆಟ್ಟಿಗೆಯ ಕಣಿವೆ ಎಂದೇ ಹೆಸರು. ಅದರಾಚೆ ಕಡಿದಾದ ಗೋಡೆಯೊಂದರ ಮೇಲೆ 21 ತಿರುವುಗಳು, ಮಡಿಸಿಟ್ಟ ಸೀರೆಯ ನಿರಿಗೆಗಳಂತೆ ಒಂದರ ಮೇಲೊಂದು. ಉದ್ಯಾನದ ಪ್ರಥಮ ಮೇಲ್ವಿಚಾರಕನಾದ ವಾಲ್ಟರ್ ರೂಶ್ ಎಂಬವನು ಕಟ್ಟಿಸಿದ ಕಾರಣ ಇವಕ್ಕೆ ಅವನ ಹೆಸರೇ ನಿಂತಿದೆ. ಇವನ್ನು ಹತ್ತುವಾಗ ನಾವು ಮೂರು ಕಡೆ ಕುಳಿತೆವೆಂಬುದನ್ನು ಮುಚ್ಚಿಡುವುದಿಲ್ಲ.

ಕುಳಿತಾಗಲೆಲ್ಲ ಕಲ್ಲನ್ನು ನೋಡಿದೆವು. ಕೈಯಿಂದ ಉಜ್ಜಿದರೆ ಬೆರಳಿಗೆ ನಯವಾದ ಮರಳು ಹತ್ತುತ್ತದೆ. ಗೋಡೆಯ ತುಂಬ ಓರೆಯಾದ ಗೆರೆಗಳು, ಒಂದು ಕಟ್ಟು ಈ ಕಡೆಗೆ ಬಾಗಿದರೆ ಅದರ ಮೇಲಿನದು ಆ ಕಡೆಗೆ. ಸುಮಾರು 18 ಕೋಟಿ ವರ್ಷಗಳ ಹಿಂದೆ ಇಲ್ಲಿ ಮಹಾ ಮರುಭೂಮಿಯೊಂದಿತ್ತು. ಗಾಳಿಯು ಮರಳಿನ ದಿಬ್ಬಗಳನ್ನು ಒಂದರ ಮೇಲೊಂದು ಒಟ್ಟುತ್ತ ಬಂದಿತು. ಆ ದಿಬ್ಬಗಳ ಇಳಿಜಾರುಗಳೇ ಈ ಗೆರೆಗಳು. ಅಂದಿನ ಗಾಳಿ ಯಾವ ದಿಕ್ಕಿಗೆ ಬೀಸಿತೆಂಬುದನ್ನು ಕೂಡ ಇವುಗಳಿಂದ ಓದಬಹುದಂತೆ. ಕಾಲಾಂತರದಲ್ಲಿ ನೀರು ತಂದ ಸುಣ್ಣವೂ ಕಬ್ಬಿಣದ ಅಂಶವೂ ಕಣಕಣಗಳನ್ನು ಅಂಟಿಸಿ ಕಲ್ಲನ್ನಾಗಿಸಿದವು. ಕಬ್ಬಿಣದ ತುಕ್ಕೇ ಅದಕ್ಕೆ ಕಾವಿಯ ಬಣ್ಣವನ್ನು ಕೊಟ್ಟಿತು. ನಮ್ಮ ಬಾದಾಮಿಯ ಬೆಟ್ಟಗಳೂ ಮರಳುಗಲ್ಲಿನವೇ, ಇದಕ್ಕಿಂತ ಬಹಳ ಹಳೆಯವು. ಚಾಲುಕ್ಯರು ಅಲ್ಲಿ ಉಳಿಯಿಟ್ಟು ಗುಹಾಲಯಗಳನ್ನು ಬಿಡಿಸಿದುದು ಈ ಕಲ್ಲಿನ ಮೃದುತ್ವದಿಂದಲೇ ಅಲ್ಲವೇ? ಆದರೆ ಆ ಮೃದುತ್ವವೇ ಹತ್ತುವವನಿಗೆ ಅಪಾಯ. ಮಳೆ ನೆನೆದಾಗ ಮರಳುಗಲ್ಲು ಬಲಗುಂದುತ್ತದೆ, ಜಾರುತ್ತದೆ. ಆದುದರಿಂದ ಆಕಾಶ ಶುಭ್ರವಾಗಿರುವ ದಿನವನ್ನೇ ನೋಡಿ ಬರಬೇಕು.

ತಿರುವುಗಳು ಮುಗಿದಲ್ಲಿ ಸ್ಕೌಟ್ ಲುಕೌಟ್ ಎಂಬ ಸಮತಟ್ಟು. ಅನೇಕರು ಇಲ್ಲಿಯೇ ತೃಪ್ತರಾಗಿ ಹಿಂದಿರುಗುವರು. ಮುಂದಿನ ಅರ್ಧ ಮೈಲಿಯೇ ನಿಜವಾದ ಪರೀಕ್ಷೆ. ಅಲ್ಲಿ ದಾರಿಯೆಂಬುದಿಲ್ಲ, ಬಂಡೆಯ ಏಣು ಮಾತ್ರ. ಕಬ್ಬಿಣದ ಗೂಟಗಳಿಗೆ ಸರಪಳಿ ಕಟ್ಟಿದ್ದಾರೆ. ಕೆಲವೆಡೆ ಏಣಿನ ಅಗಲ ನಾಲ್ಕಾರು ಅಡಿ. ಎರಡು ಪಕ್ಕಗಳಲ್ಲಿಯೂ ಸಾವಿರ ಅಡಿಗಳ ಪ್ರಪಾತ. ಇಷ್ಟು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಇಲ್ಲಿಂದ ಬಿದ್ದು ಪ್ರಾಣ ಕಳೆದುಕೊಂಡಿದ್ದಾರೆ.

ಮೊದಲ ದಿಬ್ಬವನ್ನು ಸರಪಳಿ ಹಿಡಿದು ದಾಟಿ, ಶಿಖರವು ಇದ್ದಕ್ಕಿದ್ದಂತೆ ಎದುರಿಗೆ ಕಾಣುವ ಇಳುಕಲಿಗೆ ಬಂದೆವು. ಅಲ್ಲಿ ನಮ್ಮ ಮಗನು ನಿಂತುಬಿಟ್ಟನು. ಈ ಯಾತ್ರೆಯನ್ನೆಲ್ಲ ಏರ್ಪಡಿಸಿದವನು ಅವನೇ, ನಮ್ಮ ಮೊಣಕಾಲುಗಳ ವಿಷಯದಲ್ಲಿ ದಾರಿಯುದ್ದಕ್ಕೂ ಚಿಂತಿಸಿದವನೂ ಅವನೇ. ಈಗ ಸರಪಳಿಯನ್ನು ಎರಡು ಕೈಗಳಿಂದಲೂ ಬಿಗಿಹಿಡಿದು, ಮುಖ ಬಿಳಿಚಿ, ‘ಅಪ್ಪಾ, ನನ್ನಿಂದಾಗದು’ ಎಂದನು. ಸ್ನೇಹಿತರಲ್ಲೊಬ್ಬನು ನಕ್ಕು, ‘ಇಷ್ಟು ದೂರ ಬಂದು ಹೀಗೆ ಮಾಡಿದರೆ ಹೇಗಯ್ಯಾ?’ ಎಂದನು.

ಆ ಮಾತು ನಮ್ಮ ಎದೆಗೆ ತಾಗಿತು. 25 ವರ್ಷಗಳ ಹಿಂದಿನ ಒಂದು ಬೇಸಗೆಯ ರಜೆ ನೆನಪಾಯಿತು. ಊರಿನ ತೋಟದ ಬಾವಿಯಲ್ಲಿ ಹುಡುಗರೆಲ್ಲ ಈಜು ಕಲಿಯುತ್ತಿದ್ದರು. ಒಂಬತ್ತು ವರ್ಷದ ನಮ್ಮ ಮಗನು ಮೆಟ್ಟಿಲ ಮೇಲೆ ಹೀಗೆಯೇ ನಿಂತು ನಡುಗುತ್ತಿದ್ದನು. ಉಪಾಧ್ಯಾಯನ ಮಗನು ಅಂಜಿದನೆಂಬ ಅವಮಾನದಿಂದ ನಾವು ಎಲ್ಲರೆದುರಿಗೆ ಅವನನ್ನು ‘ಹೇಡಿ’ ಎಂದು ಕರೆದೆವು. ಹುಡುಗರು ಅದನ್ನೇ ಹಾಡಾಗಿ ಕಟ್ಟಿ ರಜೆಯೆಲ್ಲ ಹಾಡಿದರು. ಅವನು ಈಜನ್ನು ಕಲಿಯಲೇ ಇಲ್ಲ. ಆ ಮಾತನ್ನು ನಾವು ಹಿಂತೆಗೆದುಕೊಳ್ಳಲೂ ಇಲ್ಲ.

ನಾವು ಅವನ ಪಕ್ಕದಲ್ಲಿ, ಗೋಡೆಗೆ ಬೆನ್ನುಕೊಟ್ಟು ಕುಳಿತೆವು. ಧೈರ್ಯದ ಉಪದೇಶ ಮಾಡಲಿಲ್ಲ. ನೀರು ಕೊಟ್ಟೆವು. ಕಾಲು ಗಂಟೆಯ ತರುವಾಯ ಅವನ ಉಸಿರು ಸರಿಯಾಯಿತು. ‘ಹಿಂದಕ್ಕೆ ಹೋಗೋಣ, ನಾವೂ ಬರುತ್ತೇವೆ’ ಎಂದೆವು. ಅವನು ಒಪ್ಪಲಿಲ್ಲ. ‘ನಾನು ಲುಕೌಟಿನಲ್ಲಿ ಕಾಯುತ್ತೇನೆ. ನೀವು ಹತ್ತದೆ ಇಳಿದರೆ ನನಗೆ ಇನ್ನೂ ಕಷ್ಟ’ ಎಂದನು. ನಕ್ಕ ಸ್ನೇಹಿತನೇ ಸುಮ್ಮನಾಗಿ, ಅವನ ಕೈಹಿಡಿದು ಲುಕೌಟಿನವರೆಗೆ ಬಿಟ್ಟುಬಂದನು. ಅವನು ಬಂದ ಮೇಲೆ ಐವರೂ ಮುಂದುವರಿದೆವು.

ಮುಂದಿನ ಮುಕ್ಕಾಲು ಗಂಟೆ ಕೈಗಳದೇ ಕೆಲಸ. ಒಂದು ಕೈಯಲ್ಲಿ ಸರಪಳಿ, ಇನ್ನೊಂದು ಬಂಡೆಯ ಮೇಲೆ. ಒಂದು ಕಾಲು ನೆಲೆಗೊಂಡ ಮೇಲೆಯೇ ಮತ್ತೊಂದನ್ನು ಎತ್ತುವುದು. ಎದುರಿನಿಂದ ಇಳಿಯುವವರಿಗೆ ಅಗಲವಾದ ಜಾಗದಲ್ಲಿ ನಿಂತು ದಾರಿ ಬಿಡಬೇಕು. ಸೊಸೆಯು ಮುಂದೆ ಹೋಗಿ, ಕಾಲಿಡುವ ಪ್ರತಿಯೊಂದು ಕುಳಿಯನ್ನೂ ನಮಗೆ ತೋರಿಸುತ್ತ ಹೋದಳು. ವಿದ್ಯಾರ್ಥಿಯಾಗಿ ನಡೆಯುವ ಸುಖವನ್ನು ಬಹುಕಾಲದ ಮೇಲೆ ಅನುಭವಿಸಿದೆವು.

ಶಿಖರದ ಮೇಲೆ ಉದ್ದನೆಯ ಚಪ್ಪಟೆ ಬಂಡೆ, ಅಲ್ಲಲ್ಲಿ ಬಿರುಕಿನಲ್ಲಿ ಬೇರೂರಿದ ಪೈನ್ ಗಿಡಗಳು. ಕೆಳಗೆ ನದಿಯು ಹಸಿರು ದಾರದಂತೆ ಬಳುಕಿತ್ತು. ಎದುರಿಗೆ ಮಹಾಶ್ವೇತ ಸಿಂಹಾಸನವೆಂದು ಕರೆಯುವ ಬಿಳಿಯ ಪರ್ವತ. ಆಗ ನಮ್ಮ ಕಾಲ ಕೆಳಗಿನ ಆಳದಿಂದ ಮಹಾ ಪಕ್ಷಿಯೊಂದು ರೆಕ್ಕೆಯನ್ನು ಬಡಿಯದೆಯೇ ಮೇಲಕ್ಕೆ ತೇಲಿಬಂದಿತು. ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ಗೃಧ್ರ. ಒಂಬತ್ತು ಅಡಿಗೂ ಮಿಕ್ಕ ರೆಕ್ಕೆಯ ಹರಹು, ರೆಕ್ಕೆಯ ಮೇಲೆ ಸಂಖ್ಯೆಯ ಬಿಲ್ಲೆ. 1982ರಲ್ಲಿ ಪ್ರಪಂಚದಲ್ಲಿ ಈ ಜಾತಿಯ ಪಕ್ಷಿಗಳು 22 ಮಾತ್ರ ಉಳಿದಿದ್ದವು. 1987ರ ಹೊತ್ತಿಗೆ ಕಾಡಿನಲ್ಲಿದ್ದವನ್ನೆಲ್ಲ ಹಿಡಿದು, ಸಾಕಿ, ಮರಿ ಮಾಡಿಸಿ, ಮತ್ತೆ ಬಿಟ್ಟರು. ಆ ಪ್ರಯತ್ನದ ಸಾವಿರನೆಯ ಮರಿ ಹುಟ್ಟಿದ್ದು 2019ರಲ್ಲಿ, ಇದೇ ಜಾಯನ್ ಕಣಿವೆಯ ಬಂಡೆಯ ಗೂಡಿನಲ್ಲಿ. ರೆಕ್ಕೆ ಸುಟ್ಟು ಬೆಟ್ಟದ ಮೇಲೆ ಬಿದ್ದಿದ್ದ ಸಂಪಾತಿಗೆ ಮತ್ತೆ ರೆಕ್ಕೆ ಮೊಳೆತ ಕಥೆಯನ್ನು ಎಷ್ಟೋ ಸಲ ಪಾಠ ಹೇಳಿದ್ದೆವು. ಅದನ್ನು ಅಂದು ಕಂಡಂತಾಯಿತು.

ಇಳಿಯುವುದು ಹತ್ತುವುದಕ್ಕಿಂತ ಕಠಿಣ. ಬಂಡೆಗೆ ಮುಖಮಾಡಿ, ಹಿಮ್ಮುಖವಾಗಿ ಮೆಟ್ಟುತ್ತ ಬಂದೆವು. ಲುಕೌಟಿನಲ್ಲಿ ಮಗನು ಬಂಡೆಯ ನೆರಳಿನಲ್ಲಿ ಕುಳಿತು, ಕಿತ್ತಳೆಯ ಹಣ್ಣುಗಳನ್ನು ಸುಲಿದಿಟ್ಟುಕೊಂಡು ಕಾದಿದ್ದನು. ಉಳಿದವರು ಸ್ವಲ್ಪ ಮುಂದೆ ಹೋದಾಗ ನಾವು ಬಾವಿಯ ಮಾತನ್ನೆತ್ತಿ, ‘ಅಂದು ನಾವು ಆಡಿದ್ದು ತಪ್ಪು’ ಎಂದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, ‘ಮರೆತಿಲ್ಲ ಅಪ್ಪಾ. ಮಗಳನ್ನು ಈಜಿನ ತರಗತಿಗೆ ಸೇರಿಸಿದ್ದೇನೆ. ಆದರೆ ಅವಳು ನೀರಿಗಿಳಿಯುವಾಗ ನೋಡಲಾರದೆ ಹೊರಗೆ ನಿಲ್ಲುತ್ತೇನೆ’ ಎಂದನು.

ಇಂತಹ ಪ್ರವಾಸಕ್ಕೆ ಹೊರಡುವ ಗೃಹಸ್ಥರಿಗೆ ನಮ್ಮ ಅನುಭವದಿಂದ ಹೇಳಬಹುದಾದುದಿಷ್ಟು. ಬಾಯಾರುವ ಮೊದಲೇ ಕುಡಿಯುವಷ್ಟು ನೀರನ್ನು ಒಯ್ಯಿರಿ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಕಾಣಿಸದೆಯೇ ಆರಿಹೋಗುವುದು. ಅಡಿ ಜಾರದ ಪಾದರಕ್ಷೆ ಧರಿಸಿರಿ. ಮೋಡ ಕಂಡರೆ ಏಣಿನ ಮೇಲೆ ಹೋಗಬೇಡಿರಿ. ತಂಡದಲ್ಲಿ ಒಬ್ಬನು ‘ಆಗದು’ ಎಂದರೆ ಅದನ್ನು ಅವನ ಕೊನೆಯ ಮಾತೆಂದೇ ತಿಳಿಯಿರಿ. ಕಾರಣ ಕೇಳಬೇಡಿರಿ, ನಗಬೇಡಿರಿ.

ಮರುದಿನ ಬೆಳಿಗ್ಗೆ ಮೊಮ್ಮಗಳು ವಸತಿಗೃಹದ ಈಜುಕೊಳದಲ್ಲಿ ಇಳಿಯಬೇಕೆಂದು ಹಟ ಹಿಡಿದಳು. ನಮ್ಮ ಮಗನು ಅವಳ ಜೊತೆಯಲ್ಲಿ ಸೊಂಟಮಟ್ಟದ ನೀರಿನವರೆಗೆ ಇಳಿದು ನಿಂತನು. ನಾವು ದಡದಲ್ಲಿ ಒಣ ಟವೆಲ್ಲು ಹಿಡಿದು ಕುಳಿತಿದ್ದೆವು. ಏನನ್ನೂ ಹೇಳಲಿಲ್ಲ.