ಬೆಂಕಿ ತಾನೇ ಕಟ್ಟಿಕೊಂಡ ಒಡ್ಡು

ಕೋಟುಮಚಗಿಯ ಸುತ್ತಣ ಎರೆಹೊಲಗಳನ್ನು ಬಲ್ಲವರಿಗೆ ಒಡ್ಡಿನ ಬೆಲೆಯನ್ನು ಹೇಳಬೇಕಾದುದಿಲ್ಲ. ಒಡ್ಡಿಲ್ಲದ ಹೊಲದಲ್ಲಿ ಬಿರುಮಳೆ ಎಷ್ಟು ಸುರಿದರೂ ನೀರು ನಿಲ್ಲದು. ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕಿಳಿಯುವುದು. ಸೂರ್ಯನ ಬೆಂಕಿಯನ್ನು ನೆಲದ ಮೇಲೆ ಹೊತ್ತಿಸಹೊರಟ ವಿಜ್ಞಾನಿಗಳ ಪಾಡನ್ನು ಓದುವಾಗಲೆಲ್ಲ ನನಗೆ ಈ ಒಡ್ಡೇ ನೆನಪಾಗುತ್ತದೆ.

ಜಲಜನಕದ ಪರಮಾಣುಬೀಜಗಳು ಬೆಸೆದು ಶಕ್ತಿ ಹೊಮ್ಮಲು ಸೂರ್ಯಗರ್ಭದಲ್ಲಿ ಒಂದೂವರೆ ಕೋಟಿ ಡಿಗ್ರಿಯ ಕಾವು ಸಾಕು. ಅಲ್ಲಿ ಗುರುತ್ವವೇ ಒಡ್ಡು. ಇಲ್ಲಿ ಹತ್ತು ಕೋಟಿಯಾದರೂ ಬೇಕು. ಅಷ್ಟು ಕಾದ ಅನಿಲದ ಪರಮಾಣುಗಳು ಒಡೆದು ಪ್ಲಾಸ್ಮಾ ಆಗುತ್ತದೆ. (ಇದಕ್ಕೆ ಕನ್ನಡದ ಮಾತೊಂದನ್ನು ಹುಡುಕಿ ಸೋತಿದ್ದೇನೆ.) ಯಾವ ಪಾತ್ರೆಯೂ ತಾಳದ ಅದನ್ನು ಟೋಕಮಾಕ್ ಎಂಬ ಯಂತ್ರದಲ್ಲಿ ಕಾಂತಬಲದಿಂದ ಹಿಡಿದಿಡುತ್ತಾರೆ. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಹೋಮಿ ಭಾಭಾ ಅವರು 1955ರ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ, ಎರಡು ದಶಕಗಳಲ್ಲಿ ಈ ಶಕ್ತಿ ಕೈವಶವಾದೀತೆಂದು ನುಡಿದಿದ್ದರು. ಆಗಲಿಲ್ಲ. ಹೆಚ್ಚು ಕಾಯಿಸಿದಷ್ಟೂ ಪ್ಲಾಸ್ಮಾದೊಳಗೆ ಸುಳಿಗಳೆದ್ದು ಶಾಖ ಸೋರಿಹೋಗುತ್ತಿತ್ತು.

1982ರಲ್ಲಿ ಜರ್ಮನಿಯ ಗಾರ್ಖಿಂಗ್‌ನಲ್ಲಿ ಫ್ರಿಟ್ಸ್ ವಾಗ್ನರ್ ಅಚ್ಚರಿಯೊಂದನ್ನು ಕಂಡರು. ಕಾಯಿಸುವ ಬಲ ಒಂದು ಮಿತಿಯನ್ನು ದಾಟಿದೊಡನೆ ಸೋರಿಕೆ ತಟ್ಟನೆ ಇಳಿದು, ಶಾಖ ನಿಲ್ಲುವ ಅವಧಿ ಸುಮಾರು ಇಮ್ಮಡಿಯಾಯಿತು. ಪ್ಲಾಸ್ಮಾದ ಅಂಚಿನಲ್ಲಿ ಅಕ್ಕಪಕ್ಕದ ಪದರಗಳು ಬೇರೆಬೇರೆ ವೇಗದಲ್ಲಿ ಹರಿದು ಸುಳಿಗಳನ್ನು ಸೀಳಿಹಾಕುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಒಡ್ಡನ್ನು ಯಾರೂ ಹಾಕಿರಲಿಲ್ಲ, ಬೆಂಕಿಯೇ ಕಟ್ಟಿಕೊಂಡಿತ್ತು! ಈ ಸ್ಥಿತಿಗೆ ಎಚ್-ಮೋಡ್ ಎಂದು ಹೆಸರಾಯಿತು.

ಸಾಮಾನ್ಯ ಟೋಕಮಾಕಿನ ಪ್ಲಾಸ್ಮಾ ಉದ್ದಿನ ವಡೆಯಂತಿದ್ದರೆ, ಗೋಲಾಕಾರದ ಯಂತ್ರದಲ್ಲಿ ಅದು ನಡುವೆ ಕೊರೆದ ಸೇಬಿನಂತೆ. ಅಷ್ಟೇ ಕಾಂತಬಲದಿಂದ ಹೆಚ್ಚಿನ ಒತ್ತಡವನ್ನು ತಡೆಯಬಹುದೆಂದು ಇಂಗ್ಲೆಂಡಿನ ಕಲ್ಹಮ್‌ನ 'ಸ್ಟಾರ್ಟ್' ಯಂತ್ರ 1990ರ ದಶಕದಲ್ಲಿ ತೋರಿಸಿತು. ಬಳಿಕ ಅಲ್ಲಿಯ 'ಮಾಸ್ಟ್'ನಲ್ಲಿಯೂ ಅಮೆರಿಕದ ಪ್ರಿನ್ಸ್‌ಟನ್ನಿನ ಯಂತ್ರದಲ್ಲಿಯೂ ಎಚ್-ಮೋಡ್ ಕಂಡುಬಂದಿತು. ಆದರೆ ಒಡ್ಡು ಗಟ್ಟಿಯಾದಷ್ಟೂ ಅದರ ಹಿಂದಣ ಒತ್ತಡ ಏರುತ್ತದೆ. ಅಂಚು ಮತ್ತೆ ಮತ್ತೆ ಸಿಡಿದು ಬಿಸಿ ಹೊರಚಿಮ್ಮುತ್ತದೆ. ಯಂತ್ರ ಚಿಕ್ಕದಾದುದರಿಂದ ಆ ಪೆಟ್ಟು ಕಿರಿದಾದ ಜಾಗದ ಮೇಲೆಯೇ ಬೀಳಬೇಕು.

ಹೆಚ್ಚಾದ ನೀರು ಹರಿಯಲೆಂದು ನಮ್ಮ ರೈತ ಒಡ್ಡಿನಲ್ಲಿ ಕಲ್ಲು ಕಟ್ಟಿದ ಕಿಂಡಿ ಬಿಡುವುದುಂಟು. ಕಲ್ಹಮ್‌ನವರ ಉಪಾಯವೂ ಹೆಚ್ಚುಕಡಮೆ ಅದೇ. 2020ರಲ್ಲಿ ಹೊಸರೂಪದಲ್ಲಿ ಮೊದಲ ಬಾರಿ ಹೊತ್ತಿದ ಮಾಸ್ಟ್‌ನಲ್ಲಿ, ಹೊರಬರುವ ಬಿಸಿಯನ್ನು ಉದ್ದನೆಯ ದಾರಿಯಲ್ಲಿ ಸಾಗಿಸಿ, ಗೋಡೆಗೆ ತಾಗುವ ಕಾವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆಂದು 2021ರಲ್ಲಿ ವರದಿಯಾಯಿತು. 2025ರಲ್ಲಿ ಸಣ್ಣ ಕಾಂತಸುರುಳಿಗಳಿಂದ ಅಂಚನ್ನು ತುಸುವೇ ಕದಡಿ ಸಿಡಿತವನ್ನು ಪೂರ್ಣವಾಗಿ ಅಡಗಿಸಿದರು. ಗೋಲಾಕಾರದ ಯಂತ್ರದಲ್ಲಿ ಅದೇ ಮೊದಲು. ಆ ಯಂತ್ರದಲ್ಲಿ ಒಂದೊಂದು ಬೆಂಕಿಯ ಆಯುಷ್ಯ ಇನ್ನೂ ಕೆಲವೇ ಕ್ಷಣಗಳದು.