ಕೆಲಸವಿಲ್ಲದ ದಿನಗಳಲ್ಲಿ ಮನೆಯ ಯಜಮಾನ
(ಜುಮಾ ಖುತುಬಾದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅಲ್ಲಾಹನ ಕರುಣೆ ಇರಲಿ.

ನಮ್ಮ ಮಸೀದಿಗೆ ಬರುವ ಸಹೋದರರೊಬ್ಬರು ಕೆಲವು ತಿಂಗಳಿಂದ ಜುಮಾದ ಸಲಾಮ್ ಆದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಹದಿನಾಲ್ಕು ವರ್ಷ ಗಲ್ಫ್‌ನಲ್ಲಿ ದುಡಿದು, ಕಂಪೆನಿ ಮುಚ್ಚಿದ ಕಾರಣ ಊರಿಗೆ ಮರಳಿದವರು. ಬಂದು ಒಂದೂವರೆ ವರ್ಷವಾಗಿತ್ತು. ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಟವರನ್ನು ನಿಲ್ಲಿಸಿ ಕಾರಣ ಕೇಳಿದೆ. "ಉಸ್ತಾದ್, ಅಂಗಳದಲ್ಲಿ ನಿಂತರೆ ಎಲ್ಲರದ್ದೂ ಒಂದೇ ಪ್ರಶ್ನೆ. 'ಇನ್ನು ಯಾವಾಗ ಹೋಗುವುದು?' ಅಂತ. ಏನು ಹೇಳಲಿ?" ಎಂದರು.

"ಸಬ್ರ್ ಮಾಡಿ, ಅಲ್ಲಾಹನಿದ್ದಾನೆ" ಎಂದು ಹೇಳಿ ನಾನು ಬಂದುಬಿಟ್ಟೆ. ಹೇಳಿದ್ದು ಸತ್ಯವೇ. ಆದರೆ ಅದು ಅರ್ಧ ಉತ್ತರ ಎಂದು ರಾತ್ರಿ ಮಲಗಿದಾಗ ಮನಸ್ಸು ಚುಚ್ಚಿತು. ಉಳಿದ ಅರ್ಧವನ್ನು, ಅವರ ಒಪ್ಪಿಗೆ ಪಡೆದು, ಈ ಶುಕ್ರವಾರ ಮಿಂಬರಿನಿಂದ ಹೇಳಿದೆ.

ಮೂಸಾ(ಅ)ರೂ ಕೆಲಸವಿಲ್ಲದೆ ಕುಳಿತಿದ್ದರು

ಸೂರಃ ಅಲ್ ಕಸಸ್‌ನಲ್ಲಿ ಪ್ರವಾದಿ ಮೂಸಾ(ಅ)ರ ಮದ್‌ಯನ್ ಪ್ರಯಾಣದ ವಿವರವಿದೆ. ಫಿರ್‌ಔನನ ಅರಮನೆಯಲ್ಲಿ ಬೆಳೆದವರು ಪ್ರಾಣಭಯದಿಂದ ಈಜಿಪ್ಟ್ ಬಿಟ್ಟು ಬಂದಿದ್ದರು. ಪರವೂರು; ಮನೆಯಿಲ್ಲ, ಕೆಲಸವಿಲ್ಲ, ಪರಿಚಯದವರಿಲ್ಲ. ನೀರಿನ ಬಳಿ ಇಬ್ಬರು ಹೆಣ್ಣುಮಕ್ಕಳು ಆಡುಗಳನ್ನು ತಡೆದು ನಿಂತಿರುವುದನ್ನು ಕಂಡು, ಕೂಲಿ ಕೇಳದೆ ಅವುಗಳಿಗೆ ನೀರು ಕುಡಿಸಿದರು. ನಂತರ ನೆರಳಿಗೆ ಸರಿದು ತನ್ನ ರಬ್ಬ್‌ನ ಮುಂದೆ ತನ್ನ ಅಗತ್ಯವನ್ನು ಒಪ್ಪಿಕೊಂಡರು: ನೀನು ಯಾವ ಒಳಿತನ್ನು ಇಳಿಸಿದರೂ ಅದರ ಬೇಡಿಕೆ ನನಗಿದೆ ಎಂಬ ಅರ್ಥದ ದುಆ ಅದು. ಇಂಥದ್ದೇ ಕೆಲಸ, ಇಷ್ಟೇ ಸಂಬಳ ಎಂಬ ಷರತ್ತು ಅದರಲ್ಲಿರಲಿಲ್ಲ.

ಮುಂದೆ ಆದದ್ದನ್ನು ಗಮನಿಸಿ. ಆ ಮನೆಯ ಮಗಳೇ ತಂದೆಯ ಬಳಿ ಶಿಫಾರಸು ಮಾಡಿದಳು. ಇವರನ್ನು ಕೆಲಸಕ್ಕಿಡಿ, ಶಕ್ತರೂ ನಂಬಿಗಸ್ತರೂ ಆಗಿದ್ದಾರೆ ಎಂಬುದು ಅವಳ ಮಾತು. ಎಂಟು ವರ್ಷದ, ಇಷ್ಟವಿದ್ದರೆ ಹತ್ತು ವರ್ಷದ ಒಪ್ಪಂದವಾಯಿತು. ಅರಮನೆಯಲ್ಲಿ ಬೆಳೆದವರು ಕುರಿ ಕಾಯುವ ಕೆಲಸವನ್ನು ಒಪ್ಪಿಕೊಂಡರು. ಅದರಿಂದ ಅವರ ಸ್ಥಾನಕ್ಕೆ ಕುಂದು ಬರಲಿಲ್ಲ. ಆ ಅವಧಿ ಮುಗಿಸಿ ಕುಟುಂಬದೊಂದಿಗೆ ಹೊರಟ ದಾರಿಯಲ್ಲೇ ಅಲ್ಲಾಹನು ಅವರನ್ನು ಕರೆದು ಮಾತನಾಡಿದನು.

ಕೆಲಸವಿಲ್ಲದ ಸಹೋದರರಿಗೆ ಇಲ್ಲಿ ದಾರಿ ಕಾಣುತ್ತದೆ. ಸಂಬಳವಿಲ್ಲದಿದ್ದರೂ ಕೈ ಸುಮ್ಮನಿರಬಾರದು. ಜನರ ನಡುವಿನಿಂದ ಮರೆಯಾಗಬಾರದು. ಮೂಸಾ(ಅ)ರ ಕೆಲಸದ ಗುಣವನ್ನು ಕಣ್ಣಾರೆ ಕಂಡವರಿಂದಲೇ ಅವರಿಗೆ ಕೆಲಸ ಸಿಕ್ಕಿತು.

ಮನೆಯವರಿಂದ ಮುಚ್ಚಿಡಬೇಡಿ

ಕೆಲಸ ಹೋದದ್ದನ್ನು ಹೆಂಡತಿಗೂ ಹೇಳದೆ, ಚಿನ್ನ ಅಡವಿಟ್ಟು, ಬಡ್ಡಿಗೆ ಸಾಲ ತಂದು, ಮೊದಲಿನಂತೆಯೇ ಖರ್ಚು ಮಾಡುವವರಿದ್ದಾರೆ. ಇದು ಗಾಯಕ್ಕೆ ಬಟ್ಟೆ ಸುತ್ತಿ ಕೊಳೆಯಲು ಬಿಟ್ಟಂತೆ. ಸಾಮರ್ಥ್ಯ ಕಡಿಮೆ ಇರುವವನು ತನಗೆ ಕೊಟ್ಟದ್ದರಿಂದಲೇ ಖರ್ಚು ಮಾಡಲಿ, ಕೊಟ್ಟದ್ದಕ್ಕಿಂತ ಹೆಚ್ಚಿನ ಹೊರೆಯನ್ನು ಅಲ್ಲಾಹನು ಯಾರ ಮೇಲೂ ಹಾಕುವುದಿಲ್ಲ ಎಂಬುದು ಸೂರಃ ಅತ್ತಲಾಕ್‌ನ ಬೋಧನೆ. ಆದ್ದರಿಂದ ಹೆಂಡತಿಯನ್ನೂ ದೊಡ್ಡ ಮಕ್ಕಳನ್ನೂ ಕೂರಿಸಿ ಲೆಕ್ಕ ಮುಂದಿಡಿ. ಅಕ್ಕಿ, ಔಷಧಿ, ಶಾಲೆಯ ಫೀಸು, ಬಾಡಿಗೆ ಮೊದಲು. ಮದುವೆ, ಮನೆ ಪ್ರವೇಶಗಳ ಆಡಂಬರ ಕೊನೆಗೂ ಬೇಡ.

ಹೆಂಡತಿಯ ದುಡಿಮೆಯಿಂದ ಮನೆ ನಡೆದರೆ ಗಂಡನಿಗೆ ಅವಮಾನವೇ? ಇಬ್ನು ಮಸ್‌ಊದ್(ರ)ರ ಪತ್ನಿ ಝೈನಬ್(ರ), ತನ್ನ ಗಂಡನಿಗೂ ತನ್ನ ಆಶ್ರಯದಲ್ಲಿರುವ ಅನಾಥರಿಗೂ ಖರ್ಚು ಮಾಡಿದರೆ ಸಾಕೇ ಎಂದು ಕೇಳಿಸಿದಾಗ, ಎರಡು ಪ್ರತಿಫಲವಿದೆ, ಸಂಬಂಧದ್ದೊಂದು, ದಾನದ್ದೊಂದು ಎಂದು ಪ್ರವಾದಿ(ಸ) ತಿಳಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಬೀಡಿ ಕಟ್ಟಿ, ಬಟ್ಟೆ ಹೊಲಿದು ಮನೆ ನಡೆಸುವ ನಮ್ಮ ತಾಯಂದಿರಿಗೆ, ಸಹೋದರಿಯರಿಗೆ ಈ ಹದೀಸ್ ತಲುಪಲಿ. ಗಂಡ ಮಾಡಬೇಕಾದದ್ದು ಇಷ್ಟೇ: ಅವಳು ದುಡಿಯುವಾಗ ಅಡುಗೆಮನೆಯ ಕೆಲಸಕ್ಕೂ ಕೈ ಹಾಕಲಿ, ಋಣವನ್ನು ಬಾಯಿಬಿಟ್ಟು ಹೇಳಲಿ.

ಪೇಟೆಯ ದಾರಿ

ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಾಕ್ಕೆ ಹಿಜ್ರಾ ಬಂದಾಗ, ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದರು. ಅವರು ದುಆ ಮಾಡಿ, ಪೇಟೆ ಎಲ್ಲಿದೆ ಎಂದು ಮಾತ್ರ ಕೇಳಿದರು. ಗಿಣ್ಣು, ತುಪ್ಪದ ವ್ಯಾಪಾರದಿಂದ ಶುರು ಮಾಡಿದರು. ಅಲ್ಲಿ ಸೂಪರ್‌ವೈಸರ್ ಆಗಿದ್ದೆ, ಇಲ್ಲಿ ವ್ಯಾನ್ ಓಡಿಸುವುದು ಹೇಗೆ ಎಂಬ ಸಂಕೋಚವನ್ನು ಇಂತಹ ಸಹಾಬಿಗಳ ಮುಂದಿಟ್ಟು ನೋಡಬೇಕು. ಹಕ್ಕಿಗಳು ಹಸಿದು ಹೊರಟು ಹೊಟ್ಟೆ ತುಂಬಿ ಮರಳುತ್ತವೆ ಎಂದು ತವಕ್ಕುಲ್‌ಗೆ ಪ್ರವಾದಿ(ಸ) ಉದಾಹರಣೆ ಕೊಟ್ಟರು. ಹಕ್ಕಿ ಗೂಡಿನಲ್ಲಿ ಕೂತಿರುವುದಿಲ್ಲ, ಬೆಳಿಗ್ಗೆ ಹೊರಡುತ್ತದೆ.

ಸರಕಾರದ ಸವಲತ್ತುಗಳಿಗೆ ಅರ್ಜಿ ಹಾಕಲೂ ನಾಚಬೇಡಿ. ರೇಶನ್ ಕಾರ್ಡ್, ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, ಮಕ್ಕಳ ವಿದ್ಯಾರ್ಥಿವೇತನ, ಇವೆಲ್ಲ ಅರ್ಹರ ಹಕ್ಕು.

ಜಮಾಅತ್‌ಗೆ ಒಂದು ಮಾತು

ದುಡಿಯುವ ಶಕ್ತಿ ಇರುವವನಿಗೆ ಝಕಾತ್‌ನಲ್ಲಿ ಪಾಲಿಲ್ಲ ಎಂಬ ಹದೀಸನ್ನು ಕೆಲವರು ಇಂಥವರ ಮುಖಕ್ಕೆ ಎಸೆಯುತ್ತಾರೆ. ಶಕ್ತಿಯಿದ್ದೂ ಕೆಲಸ ಸಿಗದವನು ಝಕಾತ್‌ಗೆ ಅರ್ಹನೆಂದು ಶಾಫಿಈ ಕರ್ಮಶಾಸ್ತ್ರ ಪಂಡಿತರು ವಿವರಿಸಿದ್ದಾರೆ. ಕಸುಬುದಾರನಿಗೆ ಕಸುಬಿನ ಉಪಕರಣ ಕೊಳ್ಳುವಷ್ಟು ಕೊಡಬಹುದೆಂದೂ ಹೇಳಿದ್ದಾರೆ. ರಮಝಾನ್‌ನಲ್ಲಿ ನೂರು ಮನೆಗೆ ಚಿಲ್ಲರೆ ಹಂಚುವುದರ ಜೊತೆಗೆ, ಒಬ್ಬನಿಗೆ ಹೊಲಿಗೆ ಯಂತ್ರವನ್ನೋ ತಳ್ಳುಗಾಡಿಯನ್ನೋ ಕೊಡಿಸಿದರೆ ಮುಂದಿನ ವರ್ಷ ಅವನು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಸಾಲ ಕೊಟ್ಟವರು ಸೂರಃ ಅಲ್ ಬಕರದ 280ನೇ ಆಯತನ್ನು ನೆನಪಿಡಲಿ: ಕಷ್ಟದಲ್ಲಿರುವವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಉತ್ತಮ.

ಖುತುಬಾದ ಬಳಿಕ ಆ ಸಹೋದರರು ಪಕ್ಕದ ಬಾಗಿಲಿಗೆ ಹೋಗದೆ ಅಂಗಳದಲ್ಲಿ ನಿಂತಿದ್ದರು. ಪೂರ್ಣ ಕೆಲಸ ಇನ್ನೂ ಸಿಕ್ಕಿಲ್ಲ. ಬೆಳಿಗ್ಗೆ ಒಂದು ಶಾಲಾ ವ್ಯಾನ್ ಓಡಿಸುವ ಮಾತುಕತೆ ನಡೆದಿದೆ. ಅಂಥವರು ನಿಮ್ಮ ಮಸೀದಿಯಲ್ಲೂ ಇದ್ದಾರೆ. "ಯಾವಾಗ ಹೋಗುವುದು?" ಎಂದು ಕೇಳಬೇಡಿ. "ಬನ್ನಿ, ಒಂದು ಚಹಾ ಕುಡಿಯೋಣ" ಎನ್ನಿ. ನಿಮಗೆ ತಿಳಿದ ಕಡೆ ಕೆಲಸವಿದ್ದರೆ ಅವರ ಹೆಸರು ಹೇಳಿ.

ಚಿಂತೆ, ದುಃಖ, ಅಸಹಾಯಕತೆ, ಆಲಸ್ಯ ಮತ್ತು ಸಾಲದ ಹೊರೆಯಿಂದ ಪ್ರವಾದಿ(ಸ) ಅಲ್ಲಾಹನ ಅಭಯ ಬೇಡುತ್ತಿದ್ದರು. ನಾವೂ ಬೇಡೋಣ. ಅಲ್ಲಾಹನು ನಮ್ಮೆಲ್ಲರ ಮನೆಗಳಿಗೆ ಹಲಾಲಾದ ರಿಝ್ಕ್ ಮತ್ತು ಬರಕತ್ ಕರುಣಿಸಲಿ. ಆಮೀನ್.