ಕ್ಯಾಗಲ್‌ನಲ್ಲಿ ಕಲಿಯುವ ಬಗೆ

ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿರುವವರಿಗೆ ತಮ್ಮ ಕೋಡನ್ನು ಇನ್ನೊಬ್ಬರ ಕೋಡಿನ ಪಕ್ಕದಲ್ಲಿಟ್ಟು ನೋಡುವ ಅವಕಾಶ ಸಿಗುವುದು ಕಡಿಮೆ. ಕಚೇರಿಯ ದತ್ತಾಂಶವನ್ನು ಹೊರಗೆ ತೋರಿಸುವಂತಿಲ್ಲ. ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿರುವವರಿಗಂತೂ ತೋರಿಸಲು ದತ್ತಾಂಶವೇ ಇರುವುದಿಲ್ಲ. ಇಂಥವರಿಗೆ ನಾನು ಮೊದಲು ಹೇಳುವ ಹೆಸರು ಕ್ಯಾಗಲ್. ದತ್ತಾಂಶದ ಸ್ಪರ್ಧೆಗಳನ್ನು ನಡೆಸುವ, ಕೋಡನ್ನು ಎಲ್ಲರೊಡನೆ ಹಂಚಿಕೊಳ್ಳಬಹುದಾದ ಜಾಲತಾಣವಿದು. 2010ರಲ್ಲಿ ಶುರುವಾದ ಇದನ್ನು 2017ರಲ್ಲಿ ಗೂಗಲ್ ಕೊಂಡುಕೊಂಡಿತು.

ಸೇರಲು ಶುಲ್ಕವಿಲ್ಲ, ಇಮೇಲ್ ವಿಳಾಸ ಸಾಕು. ಮೊಬೈಲ್ ನಂಬರನ್ನೂ ದೃಢಪಡಿಸಿಕೊಳ್ಳಿ, ಜಿಪಿಯು ಬಳಸಲು ಅದು ಬೇಕಾಗುತ್ತದೆ. ಒಬ್ಬರಿಗೆ ಒಂದೇ ಖಾತೆ ಎಂಬ ನಿಯಮ ಇಲ್ಲಿ ಕಟ್ಟುನಿಟ್ಟು. ಪೈಥಾನ್ ಅಥವಾ ಆರ್ ಕೋಡನ್ನು ಬ್ರೌಸರಿನಲ್ಲೇ ನೋಟ್‌ಬುಕ್ ತೆರೆದು ಬರೆಯಬಹುದಾದ್ದರಿಂದ ಹಳೆಯ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಪೈಥಾನ್, ಪಾಂಡಾಸ್, ಎಸ್‌ಕ್ಯೂಎಲ್ ಬಗ್ಗೆ ಉಚಿತ ಕಿರುಪಾಠಗಳೂ ಇವೆ.

ಬಹುತೇಕ ಹೊಸಬರು ಮೊದಲು ಕೈಹಾಕುವುದು ಟೈಟಾನಿಕ್ ಸ್ಪರ್ಧೆಗೆ. 1912ರಲ್ಲಿ ಮುಳುಗಿದ ಆ ಹಡಗಿನ 891 ಪ್ರಯಾಣಿಕರ ವಿವರವನ್ನೂ ಯಾರು ಬದುಕಿದರು ಎಂಬುದನ್ನೂ ಕೊಟ್ಟಿರುತ್ತಾರೆ. ಇನ್ನೂ 418 ಜನರ ಪಾಡೇನಾಯಿತು ಎಂದು ನೀವು ಊಹಿಸಬೇಕು. ಹೆಂಗಸರೆಲ್ಲ ಉಳಿದರು, ಗಂಡಸರೆಲ್ಲ ಸತ್ತರು ಎಂದು ಬರೆದು ಕಳಿಸಿದರೂ ಸುಮಾರು 76.5% ಸರಿಯಾಗುತ್ತದೆ. ಮುಂದಿನ ಒಂದೊಂದು ಅಂಶಕ್ಕೂ ತಲೆ ಖರ್ಚಾಗುತ್ತದೆ, ಕಲಿಕೆ ಇರುವುದೂ ಅಲ್ಲೇ. 891ರಲ್ಲಿ 177 ಜನರ ವಯಸ್ಸೇ ದಾಖಲಾಗಿಲ್ಲ. ಖಾಲಿ ಜಾಗಕ್ಕೆ ಸರಾಸರಿ ತುಂಬುವುದೋ, ಹೆಸರಿನ ಜೊತೆಗಿರುವ ಮಾಸ್ಟರ್, ಮಿಸ್, ಮಿಸೆಸ್ ನೋಡಿ ವಯಸ್ಸನ್ನು ಅಂದಾಜಿಸುವುದೋ? ಕಚೇರಿಯ ಗ್ರಾಹಕರ ಪಟ್ಟಿಯಲ್ಲೂ ನಾಳೆ ಇದೇ ಪ್ರಶ್ನೆ ಎದುರಾಗುತ್ತದೆ. ಇದೇ ಸ್ಪರ್ಧೆಯ ಪಟ್ಟಿಯ ತುದಿಯಲ್ಲಿ ನೂರಕ್ಕೆ ನೂರು ಪಡೆದವರನ್ನು ಕಂಡು ಎದೆಗುಂದಬೇಡಿ. ಪ್ರಯಾಣಿಕರಲ್ಲಿ ಉಳಿದವರಾರು ಎಂಬುದು ಎಲ್ಲರಿಗೂ ಸಿಗುವ ಇತಿಹಾಸ, ಉತ್ತರ ಹುಡುಕಿ ತುಂಬಿದರೆ ಪೂರ್ಣಾಂಕ ಬರುತ್ತದೆ.

ಬಹುಮಾನದ ಸ್ಪರ್ಧೆಗಳಲ್ಲಿ ಅಂಕಪಟ್ಟಿ ಎರಡಿರುತ್ತದೆ. ಸ್ಪರ್ಧೆ ನಡೆಯುವಾಗ ಕಾಣಿಸುವ ಅಂಕ ಪರೀಕ್ಷಾ ದತ್ತಾಂಶದ ಒಂದು ಭಾಗದ್ದು ಮಾತ್ರ. ಬಚ್ಚಿಟ್ಟ ಉಳಿದ ಭಾಗದ ಮೇಲೆ ಅಂತಿಮ ಸ್ಥಾನ ನಿರ್ಧಾರವಾಗುತ್ತದೆ. ಕಾಣುವ ಅಂಕವನ್ನು ಏರಿಸಲೆಂದೇ ಮಾದರಿಯನ್ನು ತಿದ್ದುತ್ತಾ ಹೋದವರು ಕೊನೆಯ ದಿನ ನೂರಾರು ಸ್ಥಾನ ಕೆಳಗೆ ಜಾರುವುದುಂಟು. ತರಬೇತಿ ದತ್ತಾಂಶವನ್ನೇ ಹಲವು ತುಂಡು ಮಾಡಿ, ಒಂದೊಂದನ್ನೂ ಸರದಿಯಂತೆ ಬದಿಗಿಟ್ಟು ಮಾದರಿಯನ್ನು ಪರೀಕ್ಷಿಸುವ ರೂಢಿ ಇದಕ್ಕೆ ಮದ್ದು. ಇದೊಂದನ್ನು ಕಲಿತರೂ ಸೇರಿದ್ದು ಸಾರ್ಥಕ ಎನ್ನುತ್ತೇನೆ.

ಕನ್ನಡಿಗರು ತಪ್ಪದೆ ನೋಡಬೇಕಾದ ಸ್ಪರ್ಧೆಯೂ ಒಂದಿದೆ: 2019ರ ಕನ್ನಡ ಎಂನಿಸ್ಟ್. ಕೈಬರಹದ ಕನ್ನಡ ಅಂಕಿಗಳನ್ನು ಕಂಪ್ಯೂಟರ್ ಗುರುತಿಸುವಂತೆ ಮಾಡುವುದು ಇಲ್ಲಿಯ ಸವಾಲು. ತರಬೇತಿಗೆ 60,000 ಚಿತ್ರ, ಒಂದೊಂದೂ 28 ಚುಕ್ಕಿ ಅಗಲ, 28 ಚುಕ್ಕಿ ಎತ್ತರ. ೩ ಮತ್ತು ೭ನ್ನು ಅವಸರದಲ್ಲಿ ಬರೆದರೆ ನಮಗೇ ಗೊಂದಲವಾಗುತ್ತದೆ, ಯಂತ್ರಕ್ಕೆ ಆಗದಿರುತ್ತದೆಯೇ? ಜಗತ್ತಿನ ಬೇರೆ ಬೇರೆ ಕಡೆಯ, ಕನ್ನಡ ಓದಲು ಬಾರದವರೂ ಇದಕ್ಕೆ ಬರೆದ ನೋಟ್‌ಬುಕ್‌ಗಳು ಈಗಲೂ ಅಲ್ಲಿ ಸಿಗುತ್ತವೆ. ಒಂದರ ಪ್ರತಿ ಮಾಡಿಕೊಂಡು, ಒಂದೊಂದೇ ಸಾಲನ್ನು ಬದಲಿಸಿ ಫಲಿತಾಂಶ ಏನಾಗುತ್ತದೆ ನೋಡಿ. ಪ್ರಕಟಿಸುವಾಗ ಮೂಲ ಬರೆದವರ ಹೆಸರನ್ನು ಮರೆಯದೆ ಹಾಕಿ.

ತಾಣದ ಚರ್ಚಾವೇದಿಕೆಯಲ್ಲಿ ಸಹಾಯ ಕೇಳುವುದಕ್ಕೂ ಒಂದು ಕ್ರಮವಿದೆ. ‘ಕೋಡ್ ಓಡುತ್ತಿಲ್ಲ’ ಎಂದಷ್ಟೇ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಬಂದ ದೋಷಸಂದೇಶ, ಏನೇನು ಪ್ರಯತ್ನಿಸಿದ್ದೀರಿ ಎಂಬುದು, ನೋಟ್‌ಬುಕ್‌ನ ಕೊಂಡಿ ಇಷ್ಟನ್ನೂ ಕೊಡಿ. ಕಚೇರಿಯ ದತ್ತಾಂಶವನ್ನು ಮಾತ್ರ, ಹೆಸರು ಅಳಿಸಿಯಾದರೂ ಸರಿ, ಅಲ್ಲಿಗೆ ಏರಿಸಬೇಡಿ.

ಕ್ಯಾಗಲ್ ಕೊಡುವ ಪದಕಗಳ ಹಿಂದೆ ಓಡುವ ಅಗತ್ಯ ಕಾಣುವುದಿಲ್ಲ. ಏಕೆ ಹೀಗೆ ಮಾಡಿದೆ ಎಂದು ಪ್ರತಿ ಹಂತದಲ್ಲೂ ನಾಲ್ಕು ಸಾಲು ವಿವರಣೆ ಬರೆದ ಒಂದೇ ನೋಟ್‌ಬುಕ್ ಇದ್ದರೂ ಸಂದರ್ಶನದಲ್ಲಿ ಅದನ್ನು ತೆರೆದು ತೋರಿಸಬಹುದು. ಮೊದಲನೆಯದನ್ನು ಈ ವಾರವೇ ಪ್ರಕಟಿಸಿ.